ಮಳೆಗಾಲಕ್ಕೆ ಮುನ್ನ ಕಣಜವನ್ನು ಮುಚ್ಚುವ ವಿದ್ಯೆ

ಬೀದರ ನಗರದ ಗಾಂಧಿ ಗಂಜವು ಕಾಳುಕಡಿಗಳ ಪೇಟೆಯೆಂಬುದು ಆ ಸೀಮೆಯವರೆಲ್ಲರೂ ಬಲ್ಲ ವಿಷಯ. ಡಿಸೆಂಬರ್ ಜನವರಿಗಳಲ್ಲಿ ತೊಗರಿಯ ಸುಗ್ಗಿ. ಅದರ ಬೆನ್ನಿಗೇ ಕಡಲೆಯದು. ಮಾರಿ ಉಳಿದ ಕಾಳು ಊಟಕ್ಕೂ ಬೀಜಕ್ಕೂ ಬೇಕಾದುದು. ಜೂನ್ ತಿಂಗಳ ಮೊದಲಲ್ಲಿ ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆಯೇ ಅದನ್ನು ಭದ್ರಪಡಿಸಬೇಕು. ನಾಲ್ಕು ತಿಂಗಳ ತರುವಾಯ ಬಾಯಿ ತೆರೆದಾಗ ಒಬ್ಬನ ಕಣಜದಲ್ಲಿ ಗಟ್ಟಿ ಕಾಳು ಇರುತ್ತದೆ. ಇನ್ನೊಬ್ಬನದರಲ್ಲಿ ಬೂಷ್ಟು, ತೂತು, ಹಿಟ್ಟು. ಇಬ್ಬರೂ ಬಾಯಿಯನ್ನು ಬಿಗಿಯಾಗಿಯೇ ಮುಚ್ಚಿದ್ದರು. ಹಾಗಾದರೆ ಈ ಭೇದಕ್ಕೆ ಕಾರಣವೇನು?

ದೂರದೇಶದ ಒಂದು ನಿದರ್ಶನವನ್ನು ನೋಡೋಣ. ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಅನೇಕ ಕುಟುಂಬಗಳು ಬೇಸಿಗೆಯನ್ನು ಗಾಲಿಗಳುಳ್ಳ ಮನೆಗಳಲ್ಲಿ ಕಳೆದು, ಚಳಿಗಾಲಕ್ಕೆ ಮುನ್ನ ಅವನ್ನು ಮುಚ್ಚಿ ಊರಿಗೆ ಮರಳುತ್ತವೆ. ಬೀಗ ಹಾಕುವ ಮೊದಲು ಅವರು ಕೊಳವೆಗಳಲ್ಲಿಯೂ ತೊಟ್ಟಿಗಳಲ್ಲಿಯೂ ಉಳಿದ ನೀರನ್ನು ಬಸಿದುಬಿಡುತ್ತಾರೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ಶೇಕಡಾ 9ರಷ್ಟು ಹೆಚ್ಚುವುದರಿಂದ ಲೋಹದ ಕೊಳವೆಯೂ ಸೀಳಿಹೋಗುವುದುಂಟು. ಅಲ್ಲಿ ಕೇಡು ಮಾಡುವುದು ಹೊರಗೆ ಬಿದ್ದ ಹಿಮವಲ್ಲ, ಒಳಗೆ ಬಿಟ್ಟ ನೀರು. ಬೀದರಿನಲ್ಲಿ ಹಿಮ ಬೀಳದಿದ್ದರೂ ನಿಯಮವು ಅದೇ: ಮುಚ್ಚುವ ಮೊದಲು ನೀರನ್ನು ಹೊರಹಾಕಬೇಕು.

ಆದರೆ ಒಣಗಿದಂತೆ ಕಾಣುವ ಕಾಳಿನಲ್ಲಿ ನೀರೆಲ್ಲಿಯದು? ಕಾಳು ಜೀವವುಳ್ಳ ವಸ್ತು. ಅದು ಮೆಲ್ಲಮೆಲ್ಲನೆ ಉಸಿರಾಡುತ್ತದೆ. ತೇವ ಹೆಚ್ಚಿದಷ್ಟೂ ಉಸಿರಾಟ ಹೆಚ್ಚಿ, ಉಷ್ಣವೂ ಇನ್ನಷ್ಟು ನೀರಾವಿಯೂ ಹುಟ್ಟುತ್ತವೆ. ಬೂಷ್ಟಿಗೆ ಅಷ್ಟೇ ಸಾಕು. ಆದುದರಿಂದ ದ್ವಿದಳ ಧಾನ್ಯಗಳ ತೇವವನ್ನು ಶೇಕಡಾ 10ರ ಆಸುಪಾಸಿಗೆ ಇಳಿಸುವುದು ಒಳ್ಳೆಯದು. ಶೇಕಡಾ 14 ತೇವವುಳ್ಳ 100 ಕಿಲೋಗ್ರಾಂ ತೊಗರಿಯಲ್ಲಿ ಒಣ ಪದಾರ್ಥವು 86 ಕಿಲೋಗ್ರಾಂ. ತೇವವು ಶೇಕಡಾ 10ಕ್ಕೆ ಇಳಿದಾಗ ಈ 86 ಕಿಲೋಗ್ರಾಂ ಒಟ್ಟು ತೂಕದ ಶೇಕಡಾ 90 ಆಗಬೇಕು. ಎಂದರೆ ಒಟ್ಟು ತೂಕವು ಸುಮಾರು 95.6 ಕಿಲೋಗ್ರಾಂ. ಬಿಸಿಲು ಹೊತ್ತೊಯ್ದ ನೀರು ಸುಮಾರು 4.4 ಕಿಲೋಗ್ರಾಂ, ಒಂದು ಸಣ್ಣ ಬಿಂದಿಗೆಯಷ್ಟು!

ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಕಡಿಮೆ ಕಾಳನ್ನೂ ಕೆಲವು ಚಮಚ ಒಣ ಉಪ್ಪನ್ನೂ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಇಡಿರಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವವು ಸುಮಾರು ಶೇಕಡಾ 15ನ್ನು ಮೀರಿದೆಯೆಂದು ತಿಳಿಯಬೇಕು. ಅಂಟದಿದ್ದ ಮಾತ್ರಕ್ಕೆ ಕಾಳು ಪೂರ್ಣವಾಗಿ ಒಣಗಿದೆಯೆಂದಲ್ಲ. ಇನ್ನೂ ಬಿಸಿಲು ಬೇಕಾಗಬಹುದು. ಒಣಗಿದ ಕಾಳನ್ನು ತಣಿಯಗೊಟ್ಟು ತುಂಬಬೇಕು. ಚೀಲಗಳನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಹಲಗೆಗಳ ಮೇಲೆ ಇಡಬೇಕು. ಏಕೆಂದರೆ ಬತ್ತಿಯಲ್ಲಿ ಎಣ್ಣೆಯೇರುವಂತೆ ಮಣ್ಣಿನ ತೇವವು ಚೀಲಕ್ಕೇರುತ್ತದೆ.

ಎರಡನೆಯ ಶತ್ರು ಕಾಳಿನ ದುಂಬಿ. ಅದು ಹೊಲದಲ್ಲಿಯೇ ಕಾಯಿಗಳ ಮೇಲೆ ಮೊಟ್ಟೆಯಿಟ್ಟಿರಬಹುದು. ಹುಳುವು ಕಾಳಿನೊಳಗೆ ಕೊರೆದು, ತಿಂದು, ಬೆಳೆದು, ದುಂಡಾದ ತೂತಿನಿಂದ ಹೊರಬರುತ್ತದೆ. ಬೆಚ್ಚಗಿನ ಹವೆಯಲ್ಲಿ ಒಂದು ಪೀಳಿಗೆಗೆ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣಿನಿಂದ ಹತ್ತೇ ಹೆಣ್ಣುಗಳು ಬದುಕಿದವೆಂದು ಎಣಿಸಿದರೂ ನಾಲ್ಕನೆಯ ಪೀಳಿಗೆಗೆ ಅವು 10,000 ಆಗುತ್ತವೆ!

ಇಲ್ಲಿ ಬಿಗಿಯಾದ ಮುಚ್ಚಳದ ಮಹಿಮೆ ಕಾಣುತ್ತದೆ. ಉತ್ತರ ಕರ್ನಾಟಕದ ಹಿರಿಯರು ಜೋಳವನ್ನು ಹಗೇವಿನಲ್ಲಿ, ಎಂದರೆ ಕಿರಿಬಾಯಿಯ ನೆಲಗುಳಿಯಲ್ಲಿ, ತುಂಬಿ ಕಲ್ಲುಮಣ್ಣುಗಳಿಂದ ಮುಚ್ಚುತ್ತಿದ್ದರು. ಒಳಗಿನ ಕಾಳೂ ಹುಳುಗಳೂ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತಿದ್ದುವು, ಇಂಗಾಲದ ಡೈಆಕ್ಸೈಡು ಸೇರುತ್ತಿತ್ತು, ಹುಳುಗಳು ಸಾಯುತ್ತಿದ್ದುವು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಜ್ಞರು ಆಫ್ರಿಕದ ಕ್ಯಾಮರೂನಿನಲ್ಲಿ ಅಲಸಂದೆಗಾಗಿ ರೂಪಿಸಿದ ಮೂರು ಪದರಗಳ ಚೀಲವು ಇದೇ ತತ್ತ್ವದ್ದು. ಆದರೆ ಇವೆರಡೂ ಒಣ ಕಾಳನ್ನು ಮಾತ್ರ ಕಾಯಬಲ್ಲವು. ಹಸಿ ಕಾಳು ಮುಚ್ಚಳದ ಕೆಳಗೇ ಕೊಳೆಯುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹುಳುವನ್ನು ಕೊಲ್ಲುವ ಗಾಳಿಯು ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವನ್ನು ತೆರೆದೊಡನೆ ಇಳಿದು ಪ್ರಾಣ ಕಳೆದುಕೊಂಡವರುಂಟು. ಅವರನ್ನು ಎತ್ತಲು ಹೋದವರೂ ಹಿಂತಿರುಗದಿರುವುದುಂಟು. ಇಳಿಬಿಟ್ಟ ದೀಪವು ಆರಲಿಲ್ಲವೆಂದು ನೆಚ್ಚುವುದೂ ಸರಿಯಲ್ಲ. ಮಾರಕವಾಗುವಷ್ಟು ಇಂಗಾಲದ ಡೈಆಕ್ಸೈಡು ಇದ್ದರೂ ದೀಪ ಉರಿಯಬಹುದು. ಗುಳಿಯೊಳಗೆ ಗಾಳಿಯಾಡಿಸಿ, ಅನಿಲಮಾಪಕದಿಂದ ಪರೀಕ್ಷಿಸದೆ ಯಾರೂ ಇಳಿಯಬಾರದು. ಕಣಜವನ್ನು ಮುಚ್ಚುವ ವಿದ್ಯೆಯಲ್ಲಿ ಅದನ್ನು ತೆರೆಯುವ ವಿವೇಕವೂ ಸೇರಿದೆ.