ರಟ್ಟೆಯ ಒಳಮೈ ಹೇಳಿದ ವಯಸ್ಸು

ನಮ್ಮವ್ವ ಗುಡೂರಿನ ನೇಕಾರರ ಮನೆ ಸೇರಿ, ಬಾಳೆಲ್ಲ ಮಗ್ಗದ ಕುಣಿಯಲ್ಲಿ, ಮನೆಯ ನೆರಳಲ್ಲಿ ಇಳಕಲ್ ಸೀರೆ ನೇಯ್ದವಳು. ಅವಳ ತಂಗಿ, ನಮ್ಮ ಚಿಗವ್ವ, ಉಳ್ಳಾಗಡ್ಡಿ, ಸಜ್ಜೆಯ ಹೊಲದಲ್ಲಿ ದುಡಿದವಳು. ಗುರುತಿಲ್ಲದವರು ಇಬ್ಬರನ್ನೂ ಒಟ್ಟಿಗೆ ನೋಡಿದರೆ ಚಿಗವ್ವನನ್ನೇ ಅಕ್ಕ ಅಂದುಕೊಳ್ಳುತ್ತಾರೆ.

ಕೆನ್ನೆಯ ಬಂಗು ಹೆಚ್ಚಾಯಿತೆಂದು ಅವಳನ್ನು ಬಾಗಲಕೋಟೆಗೆ, ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಮೊದಲು ನೋಡಿದ್ದು ಮುಖವನ್ನಲ್ಲ, ರಟ್ಟೆಯ ಒಳಮೈಯನ್ನು. "ಇದು ಬರೇ ವಯಸ್ಸು ನೋಡ್ರಿ. ಮಾರಿ ಮ್ಯಾಲಿಂದು ವಯಸ್ಸು, ಬಿಸಲು ಎರಡೂ ಕೂಡಿದ್ದು" ಅಂದರು. ಆ ಒಳಮೈ ನಮ್ಮವ್ವನದರಷ್ಟೇ ನುಣುಪಾಗಿತ್ತು. ಸೆರಗು ಮುಚ್ಚಿದ ಹಣೆಯ ಮೇಲ್ಭಾಗವೂ ಅಷ್ಟೇ. ಅದರ ಕೆಳಗೆ ಎಲ್ಲ ಕಂದಿತ್ತು.

ಆಮೇಲೆ ಸುಮ್ಮನೆ ಕೂರಿಸಿ ನೋಡಿದರು, ನಗಿಸಿ ನೋಡಿದರು. ನಕ್ಕಾಗಷ್ಟೇ ಮೂಡುವ ಗೆರೆಗಳಿಗಿಂತ ಸುಮ್ಮನಿದ್ದಾಗಲೂ ಉಳಿಯುವ ಗೆರೆಗಳು ಹೆಚ್ಚಿನ ಹಾನಿಯ ಗುರುತು. ಅಮೆರಿಕದ ಚರ್ಮವೈದ್ಯ ರಿಚರ್ಡ್ ಗ್ಲೊಗಾವ್ ಅವರ ನಾಲ್ಕು ದರ್ಜೆಗಳ ಅಳತೆಗೆ ಇದೇ ಆಧಾರ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಸಾಮಾನ್ಯವಾಗಿ ಗೆರೆಗಿಂತ ಮೊದಲು ಕಪ್ಪು ಕಲೆಗಳೇ ಬರುತ್ತವೆ. ಮಾಯದ ಹುಣ್ಣು, ರಕ್ತ ಒಸರುವ ಗಂಟು ಇವೆಯೇ ಎಂದೂ ಹುಡುಕಿದರು. ಅಂಥದ್ದು ಕಂಡರೆ ಕ್ರೀಮಿನ ಮಾತೇ ಇಲ್ಲ, ಮೊದಲು ಅದರ ತಪಾಸಣೆ.

ಬಿಸಿಲಿನ ಅತಿನೇರಳೆ-ಎ ಕಿರಣ ಚರ್ಮದ ಒಳಪದರಕ್ಕೆ ಇಳಿಯುತ್ತದೆ. ಅಲ್ಲಿ ಎದ್ದ ಕಿಣ್ವಗಳು ಮೈಯನ್ನು ಬಿಗಿಯಾಗಿಡುವ ಕೊಲಾಜನ್ ಎಳೆಗಳನ್ನು ಕಡಿಯುತ್ತವೆ. ಕಿಟಕಿಯ ಗಾಜೂ ಇದನ್ನು ಪೂರ್ತಿ ತಡೆಯದು. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕದ ಚಾಲಕನ ಮುಖ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು: ಕಿಟಕಿಯ ಕಡೆಯ ಎಡಗೆನ್ನೆಯಷ್ಟೇ ಸುಕ್ಕುಗಟ್ಟಿ ಜೋತುಬಿದ್ದಿತ್ತು. ನಮ್ಮ ಚಾಲಕರಿಗೆ ಕಿಟಕಿ ಬಲಕ್ಕೆ. ಬಸ್ಸು ಹತ್ತಿದಾಗಲೆಲ್ಲ ಈಗ ನನ್ನ ಕಣ್ಣು ಅವರ ಬಲಗೆನ್ನೆಗೇ ಹೋಗುತ್ತದೆ.

ಚಿಗವ್ವ ಚೀಟಿಯಿಲ್ಲದೆ ಅಂಗಡಿಯಿಂದ ತಂದ ಕ್ರೀಮು ಹಚ್ಚುತ್ತಿದ್ದಳು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ ಕಾಣಿಸಿ, ಕ್ರಮೇಣ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದಿದ್ದವು. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಇವು ಇನ್ನೂ ಇಷ್ಟು ಸಲೀಸಾಗಿ ಸಿಗುವುದು ನನಗೆ ಸಂಕಟದ ವಿಷಯ.

ಡಾಕ್ಟರರು ಆ ಕ್ರೀಮನ್ನು ಬಿಡಿಸುವುದಕ್ಕೇ ಕೆಲವು ತಿಂಗಳು ತೆಗೆದುಕೊಂಡರು. ಚರ್ಮ ಸುಧಾರಿಸಿದ ಮೇಲೆ ರಾತ್ರಿ ಬಟಾಣಿ ಕಾಳಿನಷ್ಟು ಟ್ರೆಟಿನೊಯಿನ್, ಅದೂ ದಿನ ಬಿಟ್ಟು ದಿನ. ಮೊದಮೊದಲು ಉರಿಯುತ್ತದೆ, ಸಿಪ್ಪೆ ಏಳುತ್ತದೆ. ಅವಸರದಿಂದ ಜಾಸ್ತಿ ಹಚ್ಚಿದರೆ ಕಂದು ಚರ್ಮದಲ್ಲಿ ಹೊಸ ಕಲೆಗಳೇ ಬೀಳುತ್ತವೆ. ಬಸುರಿಯರು ಇದನ್ನು ಮುಟ್ಟಬಾರದು. ಹಗಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಆಸ್ಟ್ರೇಲಿಯದ ನ್ಯಾಂಬರ್ ಊರಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ಹಚ್ಚಿದವರ ಚರ್ಮದ ಮುಪ್ಪು ನಾಲ್ಕೂವರೆ ವರ್ಷಗಳಲ್ಲಿ ಉಳಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತು.

ಆದರೆ ಕಳೆ ಕೀಳುವವಳ ಬೆವರಿಗೆ ಸನ್‌ಸ್ಕ್ರೀನ್ ಎಷ್ಟು ಹೊತ್ತು ನಿಂತೀತು? ಎರಡೆರಡು ತಾಸಿಗೆ ಹಚ್ಚಲು ಕೂಲಿಯ ದುಡ್ಡು ಎಲ್ಲಿ ಸಾಲುತ್ತದೆ? ಹೊಲದ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಸೆರಗಿನ ಮಾತು: ಕೆನ್ನೆ ಮುಚ್ಚುವಷ್ಟು ಮುಂದೆ ಎಳೆದುಕೊಳ್ಳಿ, ಆದಷ್ಟು ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಚಿಗವ್ವನ ಬಂಗು ತಿಳಿಯಾಗಿದೆ. ಬಾಯಿಯ ಸುತ್ತಲಿನ ಆಳದ ಗೆರೆಗಳು ಹಾಗೇ ಇವೆ. ಲೇಸರ್ ಮಾಡಿಸಬಹುದು, ಕಲೆ ಬೀಳುವ ಅಪಾಯವೂ ಇದೆ ಎಂದು ಡಾಕ್ಟರರು ಬಿಡಿಸಿ ಹೇಳಿದಾಗ, "ಗೆರಿ ಇರ್ಲಿ ಬಿಡ್ರಿ, ಉರಿ ಹೋತಲ್ಲ" ಅಂದಳು.