ಪುಕ್ಕಟೆ ಪಂಪಿನ ಲೆಕ್ಕ

ಅಮೆರಿಕದಲ್ಲಿ ಮಗಳೋ ಸೊಸೆಯೋ ಇರುವ ಮನೆಗಳಲ್ಲಿ ಹೆರಿಗೆಯ ಮಾತು ಬಂದಾಗ ಒಂದು ಸುದ್ದಿಯೂ ಜೊತೆಗೆ ಬರುತ್ತದೆ: ಅಲ್ಲಿ ಇನ್ಶೂರೆನ್ಸ್‌ನವರೇ ಎದೆಹಾಲು ತೆಗೆಯುವ ಬ್ರೆಸ್ಟ್ ಪಂಪ್ ಪುಕ್ಕಟೆ ಕೊಡುತ್ತಾರಂತೆ. ಪಂಪ್ ಕೈಗೆ ಬರುವಾಗ ಕಾಸು ಬಿಚ್ಚಬೇಕಿಲ್ಲ ಎನ್ನುವುದು ನಿಜ. ಆದರೆ ಅದರ ಬೆಲೆ ತಿಂಗಳು ತಿಂಗಳೂ ಸಂಬಳದಿಂದ ಪ್ರೀಮಿಯಂ ಆಗಿ ಮುರಿದುಕೊಂಡು ಹೋಗಿರುತ್ತದೆ. ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸ, ನಡವಳಿಕೆಯಲ್ಲಿ ದೊಡ್ಡದು. ಪುಕ್ಕಟೆ ಸಿಕ್ಕಿತು ಎಂದುಕೊಂಡವರು ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಾಗುತ್ತಾರೆ. ನಾನು ಕಟ್ಟಿದ ದುಡ್ಡು ಎಂದುಕೊಂಡವರು ಬರಬೇಕಾದ್ದೆಲ್ಲ ಬಂತೇ ಎಂದು ಎಣಿಸಿ ನೋಡುತ್ತಾರೆ. ಹಾಗೆ ಎಣಿಸಿದರೆ, ಬರಬೇಕಾದ್ದರಲ್ಲಿ ಪಂಪ್ ಒಂದು ಪಾಲು ಮಾತ್ರ. ಹಲವರ ಮಟ್ಟಿಗೆ ಅದು ಅಗ್ಗದ ಪಾಲು.

ಈ ಹಕ್ಕು ತಾನಾಗಿ ಬಂದದ್ದಲ್ಲ. ತೆರಿಗೆ ಕಟ್ಟದೆ ಆರೋಗ್ಯದ ಖರ್ಚಿಗೆಂದು ಎತ್ತಿಡುವ ಖಾತೆಯಿಂದ ಪಂಪ್ ಕೊಳ್ಳಲೂ ಅಮೆರಿಕದ ತೆರಿಗೆ ಇಲಾಖೆ ಮೊದಲು ಒಪ್ಪಿರಲಿಲ್ಲ. ಎದೆಹಾಲು ಆಹಾರ, ಚಿಕಿತ್ಸೆಯಲ್ಲ ಎಂಬುದು ಅದರ ವಾದ. (ಹಾಲು ಕೂಸಿಗೆ ಆಹಾರ, ಸರಿ, ಗಟ್ಟಿಕಟ್ಟಿದ ಎದೆಯ ನೋವು, ಅದರ ಹಿಂದೆಯೇ ಏರುವ ಜ್ವರ ಯಾವ ಆಹಾರವೋ!) 2011ರ ಫೆಬ್ರವರಿಯಲ್ಲಿ ಇಲಾಖೆ ಆ ನಿಲುವನ್ನು ಕೈಬಿಟ್ಟಿತು. 2010ರ ಮಾರ್ಚಿನಲ್ಲಿ ಒಬಾಮಾ ಸಹಿ ಹಾಕಿದ ಆರೋಗ್ಯ ಕಾನೂನಿನಡಿ, ರೋಗ ಬಾರದಂತೆ ತಡೆಯುವ ಸೇವೆಗಳ ಪಟ್ಟಿಗೆ ಹಾಲೂಡಿಸುವ ತಾಯಂದಿರಿಗೆ ಬೇಕಾದ ಬೆಂಬಲ, ಸಲಹೆ ಮತ್ತು ಸಾಮಗ್ರಿಯೂ ಸೇರಿದವು. 2012ರ ಆಗಸ್ಟ್ 1ರಿಂದಾಚೆ ಶುರುವಾಗುವ ಪಾಲಿಸಿ ವರ್ಷಗಳಿಗೆ ಇದು ಅನ್ವಯವಾಯಿತು. ರೋಗ ತಡೆಯುವ ಸೇವೆ ಎಂಬ ಪಟ್ಟಿಗೆ ಬಿದ್ದದ್ದೇ ಇಲ್ಲಿನ ಗುಟ್ಟು. ಆ ಪಟ್ಟಿಯಲ್ಲಿರುವುದಕ್ಕೆ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುಂಚೆ ನಾವೇ ಹಾಕಬೇಕಾದ ಮೊತ್ತ) ಮುಗಿಯುವವರೆಗೆ ಕಾಯಬೇಕಿಲ್ಲ, ಕೋಪೇ (ಪ್ರತಿ ಸೇವೆಗೂ ಕೈಯಿಂದ ಕೊಡುವ ಪಾಲು) ಕೊಡಬೇಕಿಲ್ಲ. ಹೆರಿಗೆಯ ಬಿಲ್ಲಿಗೆ ಸಾವಿರಾರು ಡಾಲರ್ ಕೈಯಿಂದ ಹಾಕುವ ಕುಟುಂಬಕ್ಕೂ ಪಂಪಿಗೆ ಒಂದು ಡಾಲರೂ ಖರ್ಚಿಲ್ಲದಿರುವುದು ಇದೇ ಕಾರಣಕ್ಕೆ.

ಆದರೆ ಕಾನೂನು ಹೇಳಿದ ಮೂರರಲ್ಲಿ ಸಾಮಗ್ರಿಗೆ ಇರುವ ಪ್ರಚಾರ ಸಲಹೆಗೆ ಇಲ್ಲ. ಪಂಪನ್ನು ಡಬ್ಬದಲ್ಲಿಟ್ಟು ಮನೆಗೆ ಕಳಿಸಬಹುದು, ಮಾರುವವರು ಜಾಹೀರಾತು ಕೊಡುತ್ತಾರೆ. ಹಾಲೂಡಿಸುವುದನ್ನು ಹೇಳಿಕೊಡುವ ತಜ್ಞೆಯನ್ನು ಮಾತ್ರ ನಾವೇ ಹುಡುಕಬೇಕು. ಕೂಸು ಎದೆಗೆ ಸರಿಯಾಗಿ ಬಾಯಿ ಹಚ್ಚದಿದ್ದರೆ, ಪಂಪಿನ ಬಟ್ಟಲಿನ ಅಳತೆ ಹೊಂದದೆ ತೊಟ್ಟು ಹುಣ್ಣಾದರೆ, ಯಂತ್ರ ಎಷ್ಟು ಒಳ್ಳೆಯದಾದರೇನು? ಹೊಲಿಗೆ ಯಂತ್ರ ಕೊಟ್ಟು ಹೊಲಿಗೆ ಕಲಿಸದೆ ಬಿಟ್ಟಂತೆ. ಇಂಥ ತಜ್ಞೆಯ ಒಂದು ಭೇಟಿಗೆ ನೂರು ಡಾಲರಿಗೂ ಹೆಚ್ಚು ಬೀಳುವುದು ಮಾಮೂಲು, ಒಂದು ಭೇಟಿಗೆ ಮುಗಿಯುವುದು ಅಪರೂಪ. 2015ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಕೊಟ್ಟ ಸ್ಪಷ್ಟೀಕರಣ ಓದಿದರೆ ಈ ಹಣ ಉಳಿಸುವ ದಾರಿ ಕಾಣುತ್ತದೆ. ಇಂಥ ಸಲಹೆ ಕೊಡುವವರ ಪಟ್ಟಿಯನ್ನು ಕಂಪನಿ ಒದಗಿಸಬೇಕು. ತನ್ನ ನೆಟ್‌ವರ್ಕಿನಲ್ಲಿ (ಕಂಪನಿಯ ಒಪ್ಪಂದವಿರುವವರ ಬಳಗದಲ್ಲಿ) ಅಂಥವರು ಇಲ್ಲದಿದ್ದರೆ ಹೊರಗಿನವರ ಸಲಹೆಯನ್ನೂ ತಾಯಿಯ ಕೈಯಿಂದ ಹಣ ಹಾಕಿಸದೆ ಭರಿಸಬೇಕು. ಆಸ್ಪತ್ರೆಯಲ್ಲಿದ್ದಾಗ ಮಾತ್ರ ಎಂದು ಮಿತಿ ಹಾಕುವಂತಿಲ್ಲ. ಹೆರಿಗೆಯಾಗಿ ಇಷ್ಟು ತಿಂಗಳೊಳಗೇ ಪಂಪ್ ತೆಗೆದುಕೊಳ್ಳಬೇಕು ಎಂಬ ಗಡುವನ್ನೂ ಇಡುವಂತಿಲ್ಲ; ಹಾಲೂಡಿಸುವಷ್ಟು ಕಾಲವೂ ಹಕ್ಕು ನಡೆಯುತ್ತದೆ.

ಪಂಪಿನ ವಿಷಯದಲ್ಲಿ ಹಣ ಸೋರುವುದು ಬೇರೆ ಕಡೆ. ಇನ್ಶೂರೆನ್ಸ್ ಕಂಪನಿ ಸಾಮಾನ್ಯವಾಗಿ ನೇರವಾಗಿ ಪಂಪ್ ಕೊಡುವುದಿಲ್ಲ. ವೈದ್ಯಕೀಯ ಸಲಕರಣೆ ಪೂರೈಸುವ, ತನ್ನ ನೆಟ್‌ವರ್ಕಿನ ವ್ಯಾಪಾರಿಯ ಕಡೆಗೆ ಕಳಿಸುತ್ತದೆ. ಅಂಗಡಿಯಲ್ಲಿ ಕೊಂಡು ಆಮೇಲೆ ರಸೀದಿ ಕಳಿಸುತ್ತೇನೆ ಎಂದವರಿಗೆ ಹಣ ಬಾರದೆ ಹೋಗಬಹುದು. ಆ ವ್ಯಾಪಾರಿಯ ಪಟ್ಟಿಯಲ್ಲಿ ಹಣವಿಲ್ಲದೆ ಸಿಗುವ ಪಂಪುಗಳು ಕೆಲವು, ಮೇಲೆ ಇಷ್ಟು ಕಟ್ಟಿದರೆ ಸಿಗುವ ಸೊಗಸಿನವು ಹಲವು. ಉಡುಪಿನೊಳಗೆ ಇಟ್ಟುಕೊಳ್ಳುವಂಥವಕ್ಕೆ ಐನೂರು ಡಾಲರ್ ಮುಟ್ಟುವ ಬೆಲೆಯೂ ಇದೆ. 2023ರ ಪಾಲಿಸಿಗಳಿಂದ ಜಾರಿಯಾದ ಮಾರ್ಗಸೂಚಿ ಎರಡೂ ಎದೆಗೆ ಒಟ್ಟಿಗೆ ಹಿಡಿಯುವ ವಿದ್ಯುತ್ ಪಂಪನ್ನೇ ಹೆಸರಿಸುತ್ತದೆ; ಕೈಯಿಂದ ಒತ್ತುವ ಪಂಪ್ ಬಳಸಿ ಸೋತವರಿಗೆ ಮಾತ್ರ ಅದು ಎನ್ನಬಾರದು ಎಂದೂ ಹೇಳುತ್ತದೆ. ಪಂಪಿನ ಬಿಡಿಭಾಗ, ಹಾಲು ತುಂಬಿಡುವ ಸಾಮಗ್ರಿ ಕೂಡ ಅದರಲ್ಲಿ ಸೇರಿವೆ. ಕೆಲಸಕ್ಕೆ ಬರುವಂಥದ್ದು ಹೀಗೆ ಸಿಗುತ್ತಿರುವಾಗ ಮೇಲಿನ ಹಣ ಕಟ್ಟುವುದು ಅನುಕೂಲದ ಖರ್ಚು, ಆರೋಗ್ಯದ್ದಲ್ಲ. ಕಟ್ಟಲೇಬೇಕೆಂದರೆ ತೆರಿಗೆ ಇಲ್ಲದ ಆ ಖಾತೆಯಿಂದ ಕಟ್ಟಿ.

ನಮ್ಮ ಕಾಲದಲ್ಲಿ ಯಂತ್ರ ಎಲ್ಲಿತ್ತು ಎಂದು ಬಾಣಂತನಕ್ಕೆ ಹೋದ ಅಮ್ಮಂದಿರು ಕೇಳುವುದುಂಟು. ಅವರ ಕಾಲದಲ್ಲಿ ಹಸಿ ಬಾಣಂತಿ ಲ್ಯಾಪ್‌ಟಾಪ್ ಹಿಡಿದು ಆಫೀಸಿಗೆ ಹೋಗುತ್ತಿರಲಿಲ್ಲ ಎಂದರೆ ಆ ಮಾತು ಮುಗಿಯಿತು. ಮಕ್ಕಳಿಲ್ಲದವರ ಪ್ರೀಮಿಯಂನಿಂದ ಇನ್ನೊಬ್ಬರ ಪಂಪ್ ಯಾಕೆ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರ. ಆದರೆ ವಿಮೆ ನಡೆಯುವುದೇ ಹಾಗೆ. ಹಾಲೂಡಿಸದವರ ಮಂಡಿ ಶಸ್ತ್ರಚಿಕಿತ್ಸೆಗೆ ಹಾಲೂಡಿಸಿದವರ ಹಣವೂ ಹೋಗುತ್ತದೆ, ಮತ್ತು ಮಂಡಿಯ ಬಿಲ್ ಪಂಪಿನದಕ್ಕಿಂತ ಬಲು ದೊಡ್ಡದು. ನನಗೆ ನಿಜವಾಗಿ ಭಾರವೆನಿಸುವ ಆಕ್ಷೇಪ ಇನ್ನೊಂದು: ಅಮೆರಿಕ ರಜೆ ಕೊಡುವ ಬದಲು ಪಂಪ್ ಕೊಟ್ಟು ಕೈತೊಳೆದುಕೊಂಡಿದೆ ಎಂಬುದು. ಇದನ್ನು ತಳ್ಳಿಹಾಕಲಾರೆ. 1993ರ ಕೇಂದ್ರ ಕಾನೂನು ಕೊಡುವುದು ಸಂಬಳವಿಲ್ಲದ 12 ವಾರ, ಅದೂ ಎಲ್ಲರಿಗೂ ಇಲ್ಲ. 2022ರ ಡಿಸೆಂಬರಿನ ಕಾನೂನು ಹೆರಿಗೆಯಾಗಿ ಒಂದು ವರ್ಷದವರೆಗೆ ಕೆಲಸದ ನಡುವೆ ಹಾಲು ತೆಗೆಯಲು ಬಿಡುವನ್ನೂ ಶೌಚಾಲಯವಲ್ಲದ ಮರೆಯ ಜಾಗವನ್ನೂ ಹೆಚ್ಚು ಹೆಂಗಸರಿಗೆ ವಿಸ್ತರಿಸಿತು. ಆ ಬಿಡುವಿಗೆ ಸಂಬಳ ಕೊಡಲೇಬೇಕೆಂದಿಲ್ಲ. ರಜೆಗೆ ಹೋಲಿಸಿದರೆ ಪಂಪ್ ಉದ್ಯೋಗದಾತರಿಗೆ ಅತಿ ಅಗ್ಗದ ಪರಿಹಾರ. ಹಾಗೆಂದು ಅದನ್ನೂ ಕೇಳದೆ ಬಿಟ್ಟರೆ ರಜೆಯೇನೂ ಹೆಚ್ಚುವುದಿಲ್ಲ.

ಇದೆಲ್ಲದರಿಂದ ಹೊರಗುಳಿಯುವವರೂ ಇದ್ದಾರೆ. 2010ರ ಆ ಆರೋಗ್ಯ ಕಾನೂನಿಗೂ ಮೊದಲಿನಿಂದ ಹೆಚ್ಚು ಬದಲಾಗದೆ ಉಳಿದ ಹಳೆಯ ಪಾಲಿಸಿಗಳಿಗೆ ಈ ನಿಯಮವಿಲ್ಲ. ಅಲ್ಪಾವಧಿ ಪಾಲಿಸಿಗೂ, ಪ್ರವಾಸಿಗರಿಗೆಂದು ಮಾರುವ ವಿಮೆಗೂ ಇಲ್ಲ. ಗಂಡನ ಕೆಲಸದ ವೀಸಾದ ಮೇಲೆ ಹೋಗುವ ಹೆಂಡತಿಗೆ ಖರ್ಚು ಉಳಿಯಲೆಂದು ಕಂಪನಿಯ ವಿಮೆ ಬಿಟ್ಟು ಪ್ರವಾಸಿ ವಿಮೆ ಮಾಡಿಸುವ ಕುಟುಂಬಗಳು ಈ ಸಾಲನ್ನು ಎರಡು ಸಲ ಓದಬೇಕು. ಅಲ್ಲಿ ಕಳೆದುಕೊಳ್ಳುವುದು ಪಂಪಿಗಿಂತ ದೊಡ್ಡ ಮೊತ್ತ. ನಿಯಮವಿದ್ದೂ ಕಂಪನಿ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲ್ಮನವಿಗೆ 180 ದಿನಗಳ ಅವಕಾಶವಿದೆ.

ನಮ್ಮಲ್ಲಿ ಕಥೆ ತಿರುಗಾಮುರುಗಾ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಸಿಕ್ಕಿತು, ಆದರೆ ಸಂಘಟಿತ ವಲಯದವರಿಗೆ. ಆರೋಗ್ಯ ವಿಮೆಯಾದರೋ ಆಸ್ಪತ್ರೆಗೆ ಸೇರಿದ ಖರ್ಚಿನ ಸುತ್ತಲೇ ಕಟ್ಟಿದ್ದು. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ, ಕೊಡಬೇಕಿಲ್ಲದ ವಸ್ತುಗಳ ಪಟ್ಟಿ ತೆರೆದರೆ ಮಗುವಿನ ಆಹಾರ, ಮಗುವಿನ ಬಳಕೆಯ ವಸ್ತುಗಳು ಎಂಬೆರಡೇ ಮೊದಲು ಕಣ್ಣಿಗೆ ಬೀಳುತ್ತವೆ. ಮನೆಗೆ ಕೊಂಡ ಪಂಪಿಗೆ ಇಂಥ ಪಾಲಿಸಿಯಲ್ಲಿ ಜಾಗವಿಲ್ಲ. ಆದರೂ ಬೆಂಗಳೂರಿನ ಕಂಪನಿಗಳು ನೌಕರರಿಗೆ ಮಾಡಿಸುವ ಗುಂಪು ವಿಮೆಯಲ್ಲಿ ಹೆರಿಗೆ ವೆಚ್ಚದ ಮಿತಿಯಂಥ ಷರತ್ತುಗಳು ಕಂಪನಿ ಮತ್ತು ವಿಮೆಯವರು ಕೂತು ಒಪ್ಪಿಕೊಂಡವು, ವರ್ಷಕ್ಕೊಮ್ಮೆ ನವೀಕರಣದಲ್ಲಿ ಬದಲಾಗಬಲ್ಲವು. ಹಾಲೂಡಿಸುವ ಸಲಹೆಯ ನಾಲ್ಕು ಭೇಟಿ, ಪಂಪಿಗೊಂದು ಸಣ್ಣ ಮೊತ್ತ ಸೇರಿಸಿದರೆ ತಲೆಗೆಷ್ಟು ಪ್ರೀಮಿಯಂ ಏರುತ್ತದೆ ಎಂದು ನವೀಕರಣಕ್ಕೆ ಎರಡು ತಿಂಗಳು ಮುಂಚೆಯೇ ಎಚ್‌ಆರ್‌ನವರನ್ನು ಕೇಳಬಹುದು. ಅಷ್ಟರೊಳಗೆ ಕೇಳದಿದ್ದರೆ ಹಳೆಯ ಷರತ್ತೇ ಇನ್ನೊಂದು ವರ್ಷ ಮುಂದುವರಿಯುತ್ತದೆ.