ನಾಲ್ವರ ನಡಿಗೆ ಮತ್ತು ಒಂದು ನೀರುಗುಳ್ಳೆ

1981ರಲ್ಲಿ ಹಾಂಗ್‌ಕಾಂಗ್‌ನ ಗುಡ್ಡಗಾಡಿನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಆರಂಭವಾದ ನಡಿಗೆಯೇ ಇಂದಿನ 'ಟ್ರೇಲ್‌ವಾಕರ್'. ಆಕ್ಸ್‌ಫಾಮ್ ಸಂಸ್ಥೆ ಬಡವರ ನೆರವಿಗೆ ಹಣ ಕೂಡಿಸಲು ಅದನ್ನು ಹಲವು ದೇಶಗಳಲ್ಲಿ ನಡೆಸಿತು, ಬೆಂಗಳೂರಿನಲ್ಲೂ ನಡೆದಿದೆ. ನಾಲ್ವರ ತಂಡ, 100 ಕಿಲೋಮೀಟರ್, 48 ಗಂಟೆ. ನಾಲ್ವರೂ ಜೊತೆಯಾಗಿಯೇ ನಡೆಯಬೇಕು.

ಇಂಥ ನಡಿಗೆಗೆ ನೀವು ಗೆಳೆಯರೊಡನೆ ಹೊರಟರೆ ಒಂದು ಮಾತು ಮೊದಲೇ ಆಡಿಕೊಳ್ಳಿ: ಪಾದ ಉರಿದರೆ ಯಾರೂ ಮುಚ್ಚಿಡಬಾರದು. 'ನನ್ನಿಂದ ಉಳಿದವರಿಗೆ ತಡವಾಗದಿರಲಿ' ಎಂಬ ಸಂಕೋಚ ಒಳ್ಳೆಯ ಗುಣದಂತೆ ಕಾಣುತ್ತದೆ. ಆದರೆ ಐದು ನಿಮಿಷದ ಆರೈಕೆ ತಪ್ಪಿಸಿದವನೇ ಮುಂದೆ ಕುಂಟುತ್ತಾನೆ, ಆಗ ನಾಲ್ವರೂ ನಿಲ್ಲಬೇಕಾಗುತ್ತದೆ.

ಬಿಸಿ, ಬೆವರು, ಉಜ್ಜಾಟ ಸೇರಿದಾಗ ನೀರುಗುಳ್ಳೆ ಏಳುತ್ತದೆ. ಅದಕ್ಕೂ ಮೊದಲು ಚರ್ಮ ಕೆಂಪಾಗಿ ಉರಿಯುತ್ತದೆ. ನಿಲ್ಲಬೇಕಾದದ್ದು ಆಗಲೇ. ಬೂಟು ಕಳಚಿ, ಬೆರಳ ಸಂದುಗಳನ್ನೂ ಒರೆಸಿ ಒಣಗಿಸಿ, ಉರಿಯುವಲ್ಲಿ ಪ್ಲಾಸ್ಟರ್ ಅಂಟಿಸಿ, ಒಣ ಕಾಲುಚೀಲ ಹಾಕಿಕೊಳ್ಳಿ. ಗುಳ್ಳೆ ಎದ್ದೇಬಿಟ್ಟರೆ ಅದರ ಮೇಲಿನ ಚರ್ಮ ಕೀಳಬೇಡಿ. ಕ್ರಿಮಿಗಳನ್ನು ತಡೆಯುವ ಹೊದಿಕೆ ಅದೇ. ಹೊಸ ಬೂಟನ್ನು ಆ ದಿನವೇ ತೊಡುವುದಂತೂ ಬೇಡ.

ಬಾಯಾರಿಕೆಗೆ ತಕ್ಕಷ್ಟೇ ನೀರು ಕುಡಿಯಿರಿ. ಗಂಟೆಗಟ್ಟಲೆ ಬೆವರುತ್ತಾ ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ಉಪ್ಪಿರುವ ತಿನಿಸೂ ಜೊತೆಗಿರಲಿ.

ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕುಂದಿದ್ದರೆ ಉರಿಯೇ ತಿಳಿಯದು. ಅಂಥವರು ವೈದ್ಯರನ್ನು ಕೇಳಿಯೇ ಹೊರಡಲಿ. ದಾರಿಯಲ್ಲಿ ತಂಗಿದಲ್ಲೆಲ್ಲ ಅವರ ಪಾದವನ್ನು ಗೆಳೆಯನೊಬ್ಬ ನೋಡಲಿ.